ಖಾಲಿ ಗುಳಿ ಮರೆಯಬೇಡಿ

ಏಲಕ್ಕಿ ಸಂಶೋಧನೆಗೆಂದೇ ಸಕಲೇಶಪುರದ ದೋಣಿಗಾಲ್‌ನಲ್ಲಿ ಕೇಂದ್ರವೊಂದಿದೆ. ಸಕಲೇಶಪುರ, ಆಲೂರು ಕಡೆಯ ಕಾಲೇಜು ಹುಡುಗರು ಬ್ಯಾಕ್ಟೀರಿಯಾ ತಡೆಯುವ ಗುಣ ಪರೀಕ್ಷಿಸುವ ಪ್ರಾಜೆಕ್ಟಿಗೆ ಏಲಕ್ಕಿ ಕಾಳನ್ನೇ ಆರಿಸಿಕೊಂಡರೆ ಅದು ಸಹಜವೇ.

ಸಿಪ್ಪೆ ಬಿಡಿಸಿ ಕಾಳು ಕುಟ್ಟಿದೊಡನೆ ಮೂಗಿಗೆ ಬಡಿಯುವ ಘಮದಲ್ಲಿ ಸಿನಿಯೋಲ್, ಟರ್ಪಿನೈಲ್ ಅಸಿಟೇಟ್ ಇವೆ. ಎರಡೂ ಆವಿಯಾಗಿ ಹಾರಿಹೋಗುವಂಥವು. ಪುಡಿಯನ್ನು ಕೊತಕೊತ ಕುದಿಸಿದರೆ ಘಮವೆಲ್ಲ ಗಾಳಿಯ ಪಾಲು, ಪರೀಕ್ಷೆಗೆ ಉಳಿಯುವುದು ಕಂದು ನೀರು. ಆಗಷ್ಟೇ ಕುಟ್ಟಿದ ಕಾಳನ್ನು ಎಥನಾಲ್‌ನಲ್ಲಿ ನೆನೆಸಿ, ಮುಚ್ಚಿಟ್ಟು ಸಾರ ತೆಗೆಯುವುದು ಲೇಸು.

ದೊಡ್ಡ ಎಡವಟ್ಟು ಆಗುವುದು ತಟ್ಟೆಯಲ್ಲಿ. ಬ್ಯಾಕ್ಟೀರಿಯಾ ಬಳಿದ ಅಗರ್‌ನಲ್ಲಿ ಗುಳಿ ಕೊರೆದು, ಸಾರ ತುಂಬಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಗುಳಿಯ ಸುತ್ತ ತಿಳಿಯಾದ ಬಳೆ ಮೂಡಬಹುದು. ಸಂಭ್ರಮವೋ ಸಂಭ್ರಮ! ಆದರೆ ಬ್ಯಾಕ್ಟೀರಿಯಾವನ್ನು ತಡೆದದ್ದು ಏಲಕ್ಕಿಯೋ, ಎಥನಾಲೋ? ಅದಕ್ಕೇ ಅದೇ ತಟ್ಟೆಯಲ್ಲಿ ಸಾರವಿಲ್ಲದ, ಬರೀ ಎಥನಾಲ್ ಹಾಕಿದ ಗುಳಿಯೊಂದು ಇರಲೇಬೇಕು. ಹೋಲಿಕೆಗೆಂದು ಪಕ್ಕದಲ್ಲಿ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಬಿಲ್ಲೆಯೂ ಇರಲಿ.

ಬಳೆಯ ಅಗಲ ಅಳೆದು ಕಾಳುಮೆಣಸಿಗಿಂತ ಏಲಕ್ಕಿಯೇ ಗಟ್ಟಿಗ ಎನ್ನುವುದೂ ಆತುರ. ಎಣ್ಣೆಯಂಶ ನೀರಿನ ಅಗರ್‌ನಲ್ಲಿ ಸಲೀಸಾಗಿ ಹರಡದು. ಸಾರವನ್ನು ಹಂತಹಂತವಾಗಿ ತೆಳುಮಾಡಿ, ಎಷ್ಟು ಕಡಿಮೆ ಪ್ರಮಾಣದವರೆಗೂ ಬೆಳವಣಿಗೆ ನಿಲ್ಲುತ್ತದೆಂದು ಕೊಳವೆಗಳಲ್ಲಿ ನೋಡಬೇಕು. ಇದೆಲ್ಲ ಪ್ರಯೋಗಾಲಯದಲ್ಲೇ ಆಗಲಿ. ಬಳಸಿದ ತಟ್ಟೆಗಳು ಕ್ರಿಮಿ ಕೊಲ್ಲುವ ಆಟೋಕ್ಲೇವ್ ಕಾಣದೆ ಹೊರಗೆ ಬರಕೂಡದು.