ಅಂಗವಿಕಲರ ದುಡಿಮೆಯ ಹಕ್ಕು: ರೈತರಿಗೊಂದು ಪಾಠ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಕಡೆಯ ಯಾವ ಹಳ್ಳಿಗೆ ಹೋದರೂ ಒಬ್ಬಿಬ್ಬರಾದರೂ ಅಂಗವಿಕಲರು ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕುಳಿತಿರುವುದನ್ನು ಕಾಣುತ್ತೇವೆ. ರಾಶಿ ಯಂತ್ರದಲ್ಲಿ ಕೈ ಸಿಕ್ಕು ಬೆರಳು ಹೋದವರು, ಹುಟ್ಟಿನಿಂದ ಕಿವಿ ಕೇಳದವರು, ಕಣ್ಣು ಕಾಣದವರು, ಪೋಲಿಯೋದಿಂದ ಕಾಲು ಸೊರಗಿದವರು. ನಮ್ಮ ದೇಶ 2014ರಲ್ಲಿ ಪೋಲಿಯೋ ಮುಕ್ತವೆನಿಸಿತು. ಆದರೆ ಅದಕ್ಕೂ ಮುಂಚೆ ಅದಕ್ಕೆ ತುತ್ತಾದವರು ಈಗ ದುಡಿಯುವ ವಯಸ್ಸಿನಲ್ಲಿದ್ದಾರೆ. ಊರು ಅವರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಕುಂಟ, ಮೂಗ ಎಂಬುದೇ ಹೆಸರಾಗಿಬಿಟ್ಟಿರುತ್ತದೆ. ಮನೆಯವರು ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡುತ್ತಾರೆ, ಪ್ರೀತಿಯೂ ಉಂಟು. ಆದರೆ ಕೆಲಸ ಹಂಚುವಾಗ ಅವರು ಲೆಕ್ಕಕ್ಕಿಲ್ಲ. ಹೊಲದ ವಾಟಣಿ ಮಾಡುವಾಗಲೂ ಲೆಕ್ಕಕ್ಕಿಲ್ಲ. ಕಾಯ್ದೆಯು ಈ ಎರಡೂ ಲೆಕ್ಕಗಳಲ್ಲಿ ಅವರನ್ನು ಸೇರಿಸಿದೆ. ಅದನ್ನು ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

ಅಂಗವಿಕಲತೆ ಎಂದರೇನು?

1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳನ್ನಷ್ಟೇ ಎಣಿಸಿದ್ದರು. ಅದರ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಗಳನ್ನು ಎಣಿಸುತ್ತದೆ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಕೈಕಾಲು, ಕಣ್ಣು, ಕಿವಿಗಳ ಊನವಲ್ಲದೆ ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಗುಣವಾದ ಕುಷ್ಠರೋಗದಿಂದ ಉಳಿದ ಊನ, ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ, ಕೈ ನಡುಗುವ ಪಾರ್ಕಿನ್ಸನ್ ರೋಗ ಇವೂ ಅದರಲ್ಲಿ ಸೇರಿವೆ. ಆದುದರಿಂದ ಕಣ್ಣಿಗೆ ಕಾಣುವ ಊನವಿಲ್ಲವೆಂದು ಸುಮ್ಮನಿರಬಾರದು.

ವೈದ್ಯರು ಊನವನ್ನು ಅಳೆದು ನೂರಕ್ಕೆ ಇಷ್ಟೆಂದು ಬರೆಯುತ್ತಾರೆ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೌಕರಿಯ ಮೀಸಲಾತಿ ಮುಂತಾದವು ದೊರೆಯುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಚೀಟಿಯಲ್ಲಿ ನೂರಕ್ಕೆ 60 ಎಂದಿದ್ದರೆ ಆ ಮನುಷ್ಯನು ಇನ್ನು 40ರಷ್ಟೇ ಕೆಲಸಕ್ಕೆ ಬರುವನೆಂದು ಜನ ಭಾವಿಸುತ್ತಾರೆ. ಹಾಗಲ್ಲ. ಅದು ದೇಹದ ಊನದ ಅಳತೆಯೇ ಹೊರತು ದುಡಿಮೆಯ ಅಳತೆಯಲ್ಲ. ಒಂದು ಕಾಲು ಪೂರ್ತಿ ಸೊರಗಿದ ಹುಡುಗನು ಕೂರಿಗೆಯ ಹಿಂದೆ ನಡೆಯಲಾರ, ನಿಜ. ಆದರೆ ಕುಳಿತು ನಿಂಬೆಹಣ್ಣನ್ನು ಗಾತ್ರ ನೋಡಿ ಬೇರ್ಪಡಿಸಲು, ತೂಕ ಬರೆಯಲು, ಅಡತಿಯ ಲೆಕ್ಕ ಇಡಲು ಅವನಿಗೇನು ಅಡ್ಡಿ? ಕಿವಿ ಕೇಳದವಳು ಕುರಿ ಸಾಕಲಾರಳೇ, ಹೊಲಿಗೆ ಹಾಕಲಾರಳೇ?

ನಮಗೆ ಸಮೀಪದ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. 1944ರಲ್ಲಿ ತೀರಿಕೊಂಡ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಅಂಧ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಎಳೆಯ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಅನೇಕ ವಾದ್ಯಗಳನ್ನು ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ತೀರಿಕೊಂಡರು. ಅಲ್ಲಿ ಅನ್ನದ ಜತೆಗೆ ಕಸುಬನ್ನೂ ಕೊಟ್ಟರು. ಅಲ್ಲಿ ಕಲಿತವರು ಹಾರ್ಮೋನಿಯಂ, ತಬಲಾ ನುಡಿಸಿ, ಪಾಠ ಹೇಳಿ ಬದುಕು ಕಟ್ಟಿಕೊಂಡರು. ಎಲ್ಲರೂ ಗವಾಯಿಗಳಾಗಲಾರರು, ಎಲ್ಲರೂ ಆಗಬೇಕಾಗಿಯೂ ಇಲ್ಲ.

ಮೊದಲು ಪ್ರಮಾಣಪತ್ರ

ಈ ಚೀಟಿಯಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯದು. ಈಗ ಇದಕ್ಕೆ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಎನ್ನುತ್ತಾರೆ. ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬೇಕು. ಮನೆಯಲ್ಲಿ ಬಲ್ಲವರಿಲ್ಲದಿದ್ದರೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಪ್ರತಿ ಪಂಚಾಯತಿಗೆ ಒಬ್ಬರಂತೆ ಇವರನ್ನು ನೇಮಿಸುವ ಏರ್ಪಾಡಿದೆ. ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುವುದರಿಂದ ನಿಮ್ಮ ಕಷ್ಟವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಧಾರ್ ಚೀಟಿ, ಭಾವಚಿತ್ರ, ಹಳೆಯ ಆಸ್ಪತ್ರೆ ಕಾಗದಗಳು ಜತೆಗಿರಲಿ. ವೈದ್ಯರ ಪರೀಕ್ಷೆಗೆ ಕರೆದ ದಿನ ರಾಶಿಯೋ ಕಬ್ಬು ಕಡಿಯುವುದೋ ಇದೆಯೆಂದು ತಪ್ಪಿಸಬಾರದು. 2024ರಲ್ಲಿ ತಿದ್ದಿದ ನಿಯಮದ ಪ್ರಕಾರ ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಪ್ರಮಾಣಪತ್ರ ಕೊಡತಕ್ಕದ್ದು.

ಹೊಲವೇ ರೈತನ ನೌಕರಿ

ನೌಕರಿಯ ಹಕ್ಕು ಎಂದೊಡನೆ ಕಚೇರಿಯ ಕುರ್ಚಿ ನೆನಪಾಗುತ್ತದೆ. ರೈತನ ಮಗನಿಗೆ ಮೊದಲ ನೌಕರಿ ಅವನ ಪಾಲಿನ ಹೊಲ. ಕಿವಿ ಕೇಳದ ತಮ್ಮನಿಗೆ, ಕಣ್ಣು ಕಾಣದ ತಂಗಿಗೆ, “ನಾವು ಜೋಪಾನ ಮಾಡುತ್ತೇವಲ್ಲ, ಇವರಿಗೇಕೆ ಉತಾರ?” ಎಂದು ಅಣ್ಣಂದಿರು ಹೆಸರು ಬಿಡುವುದುಂಟು. ಇದು ಕಾಯ್ದೆಗೆ ವಿರುದ್ಧ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮಿನಲ್ಲಿ ರೋಗ, ಊನ, ಅಂಗವೈಕಲ್ಯಗಳ ಕಾರಣದಿಂದ ಯಾರ ವಾರಸಾ ಹಕ್ಕೂ ತಪ್ಪದು ಎಂದು ಸ್ಪಷ್ಟವಾಗಿದೆ. 2016ರ ಕಾಯ್ದೆಯ 13ನೆಯ ಕಲಮು ಆಸ್ತಿ ಹೊಂದುವ, ತನ್ನ ಹಣಕಾಸು ತಾನೇ ನೋಡಿಕೊಳ್ಳುವ ಹಕ್ಕನ್ನು ಎಲ್ಲ ಧರ್ಮದ ಅಂಗವಿಕಲರಿಗೂ ಒಪ್ಪಿದೆ. ಅಣ್ಣನು ಒಳ್ಳೆಯವನಿರಬಹುದು, ಅಣ್ಣನ ಮಕ್ಕಳು ಹೇಗಿರುವರೋ ಯಾರು ಬಲ್ಲರು? ಉತಾರದಲ್ಲಿ ಹೆಸರಿದ್ದರೆ ಪೀಕಿನ ಸಾಲ, ಬೆಳೆ ವಿಮೆ, ಪರಿಹಾರ ಇವನ್ನು ಕೇಳಲು ಆಧಾರವಿರುತ್ತದೆ. ವಾರಸಾ ಅರ್ಜಿ ಕೊಡುವಾಗ ತಲಾಠಿಯವರಿಗೆ, ಅಂದರೆ ಈಗಿನ ಗ್ರಾಮ ಆಡಳಿತಾಧಿಕಾರಿಗಳಿಗೆ, ಎಲ್ಲ ಮಕ್ಕಳ ಹೆಸರನ್ನೂ ಹೇಳತಕ್ಕದ್ದು. ವಯಸ್ಸಿಗೆ ಬಂದ ಮಗನಿಗೆ ಬುದ್ಧಿ ಬೆಳೆದಿಲ್ಲವಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಸಮಿತಿಯಿಂದ ಪಾಲಕರನ್ನು ನೇಮಿಸಿಕೊಳ್ಳಬಹುದು. ತಾಯಿತಂದೆ ಇರುವಾಗಲೇ ಇದನ್ನು ಮಾಡುವುದು ಲೇಸು.

ಕೂಲಿ ಮತ್ತು ನೌಕರಿ

2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸದಲ್ಲಿ ಕರ್ನಾಟಕವು ಅಂಗವಿಕಲರಿಗೆ ಅಳತೆಯ ಅರ್ಧ ಕೆಲಸಕ್ಕೆ ಪೂರ್ಣ ಕೂಲಿ ಎಂಬ ರಿಯಾಯಿತಿ ಕೊಟ್ಟಿತು. ನೀರು ಕೊಡುವುದು, ಕೂಸುಗಳನ್ನು ನೋಡಿಕೊಳ್ಳುವುದು ಇವೂ ಕೆಲಸವೇ. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ ವರ್ಷಕ್ಕೆ 125 ದಿನಗಳ ಕೆಲಸದ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಯಾವ ಕಾಯ್ದೆಯಾದರೂ ಮನೆಯ ಕಾರ್ಡಿನಲ್ಲಿ ಅಂಗವಿಕಲರ ಹೆಸರು ಬರೆಸಿರಬೇಕು. ಇಲ್ಲವಾದರೆ ಕೆಲಸ ಕೇಳುವುದೆಂತು?

ಸರಕಾರಿ ನೌಕರಿಗಳಲ್ಲಿ ನೂರಕ್ಕೆ ನಾಲ್ಕಕ್ಕೆ ಕಡಿಮೆಯಿಲ್ಲದಂತೆ ಅಂಗವಿಕಲರಿಗೆ ಮೀಸಲು. ಉಚ್ಚ ಶಿಕ್ಷಣದಲ್ಲಿ ನೂರಕ್ಕೆ ಐದು. ಆರರಿಂದ 18 ವರ್ಷದವರೆಗೆ ಓದು ಪುಕ್ಕಟೆ. ಹೀಗಿರಲಾಗಿ ಕಾಲು ಸರಿಯಿಲ್ಲವೆಂದು ಹೆಣ್ಣುಮಗುವನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸುವವರು ಅವಳ ನೌಕರಿಯನ್ನು ತಾವೇ ಕೈಯಾರೆ ಬಿಡಿಸಿದಂತೆ.

ಇನ್ನೊಂದು ಮಾತು. ನಿಮ್ಮ ಮಗನು ಬಸ್ಸಿನ ಚಾಲಕನೋ ಪೊಲೀಸನೋ ಆಗಿದ್ದು ನೌಕರಿಯಲ್ಲಿರುವಾಗ ಅಪಘಾತದಿಂದ ಅಂಗ ಊನವಾದರೆ, ಆ ಕಾರಣಕ್ಕೆ ಅವನನ್ನು ತೆಗೆಯುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ ಎಂದು 20ನೆಯ ಕಲಮು ಹೇಳುತ್ತದೆ. ಅದೇ ಪಗಾರದ ಬೇರೆ ಕೆಲಸ ಕೊಡಬೇಕು. ಯಾರೋ ಹೇಳಿದರೆಂದು ರಾಜೀನಾಮೆಗೆ ಸಹಿ ಹಾಕಬಾರದು.

ಪಿಂಚಣಿ ಮತ್ತು ವಿಮೆ

40ಕ್ಕೆ ಮೇಲ್ಪಟ್ಟು 75ಕ್ಕಿಂತ ಕಡಿಮೆ ಊನವುಳ್ಳವರ ಮಾಸಾಶನವನ್ನು ರಾಜ್ಯ ಸರಕಾರವು 2021ರಲ್ಲಿ 600ರಿಂದ 800 ರೂಪಾಯಿಗೆ ಏರಿಸಿತು. ಊನ ಹೆಚ್ಚಿದಷ್ಟು ಮೊತ್ತವೂ ಹೆಚ್ಚು. ಇದು ಆಸರೆ ಮಾತ್ರ, ಬದುಕಲ್ಲ. ಪಂಚಾಯತಿಯು ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ ಐದನ್ನು ಅಂಗವಿಕಲರಿಗೆ ಖರ್ಚು ಮಾಡತಕ್ಕದ್ದು. ಆ ಹಣ ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು.

ರಾಶಿ ಯಂತ್ರ, ಮೇವು ಕತ್ತರಿಸುವ ಯಂತ್ರ ಇಟ್ಟವರು ಪ್ರಧಾನಮಂತ್ರಿ ಸುರಕ್ಷಾ ವಿಮೆಯನ್ನು ಮರೆಯಬಾರದು. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ ಒಂದು ಲಕ್ಷ, ಎರಡೂ ಕಣ್ಣು ಅಥವಾ ಎರಡೂ ಕೈಕಾಲು ಹೋದರೆ ಎರಡು ಲಕ್ಷ ರೂಪಾಯಿ. ಹಣವು ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಮುರಿಯುವುದರಿಂದ ಜೂನ್ ಒಂದರ ಮುಂಚೆ ಖಾತೆಯಲ್ಲಿ ಅಷ್ಟು ಹಣವಿರಬೇಕು.

ಅರ್ಜಿ ಕೊಟ್ಟೂ ಕೆಲಸವಾಗದಿದ್ದರೆ ವಿಜಯಪುರದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೂ, ಅಲ್ಲಿಂದಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೂ ಬರೆಯಬಹುದು. ಪ್ರತಿ ಅರ್ಜಿಗೂ ತಾರೀಖು ಹಾಕಿದ ಸ್ವೀಕೃತಿ ಚೀಟಿ ಪಡೆದು ತೆಗೆದಿಡಿರಿ. ದೂರಿನ ಜತೆ ಅದರ ನಕಲನ್ನೇ ಲಗತ್ತಿಸಬೇಕಾಗುತ್ತದೆ.