ಹಳೆಯ ಡೀಸೆಲ್ ಜೀಪಿನ ಮುಂಭಾಗದ 'ಟಕ್' ಸದ್ದು: ಕಾರಣ, ಪರೀಕ್ಷೆ ಮತ್ತು ಪರಿಹಾರ



ಮಳೆಗಾಲ ಮುಗಿದು ತೋಟದ ರಸ್ತೆಗಳು ಹೊಂಡಗಳಿಂದ ತುಂಬಿರುವ ಕಾಲವಿದು. ಇನ್ನು ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು. ಆಳುಗಳನ್ನು ಕರೆತರಲು, ಗೊನೆ ಸಾಗಿಸಲು, ಚೀಲಗಳನ್ನು ಡಿಪೋಗೆ ಮುಟ್ಟಿಸಲು ನಮ್ಮಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು ನೆಚ್ಚಿಕೊಂಡಿರುವುದು ಎರಡನೆಯ ಅಥವಾ ಮೂರನೆಯ ಕೈಯಿಂದ ಕೊಂಡ ಹಳೆಯ ಡೀಸೆಲ್ ಜೀಪನ್ನು. ಅದರ ಮುಂಭಾಗದಿಂದ 'ಟಕ್, ಟಕ್' ಎಂಬ ಸದ್ದು ಬರುವುದು ಎಷ್ಟು ಸಾಮಾನ್ಯವೆಂದರೆ, ಅನೇಕರು ಅದನ್ನು ಜೀಪಿನ ಹುಟ್ಟುಗುಣವೆಂದೇ ಭಾವಿಸಿ ಸುಮ್ಮನಿರುತ್ತಾರೆ. ಇದು ಸರಿಯಲ್ಲ. ಕೆಲವು ಸದ್ದುಗಳು ಕೇವಲ ಕಿವಿಗೆ ಕಿರಿಕಿರಿ. ಇನ್ನು ಕೆಲವು ಪ್ರಾಣಕ್ಕೆ ಸಂಚಕಾರ. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದೇ ಈ ಲೇಖನದ ಉದ್ದೇಶ.

ನಮ್ಮದೇ ತಪ್ಪು

ಮೊದಲು ನಮ್ಮದೇ ಅನುಭವವನ್ನು ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಮ್ಮ ಜೀಪಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನಿಂದ ಒಂದು 'ಟಕ್' ಕೇಳಿಸುತ್ತಿತ್ತು. ಪರೀಕ್ಷಿಸುವ ತಾಳ್ಮೆಯಿಲ್ಲದೆ, ಯಾರೋ ಹೇಳಿದ ಮಾತು ನಂಬಿ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಹೊಸದಾಗಿ ಹಾಕಿಸಿದೆವು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಅದೇ ಜೀಪಿನಲ್ಲಿ ಹಿಂದೆ ಆರು ಜನ ಆಳುಗಳನ್ನು ಕೂರಿಸಿಕೊಂಡು ಹದಿನೈದು ದಿನ ಇಳಿಜಾರಿನಲ್ಲಿ ಓಡಾಡಿದೆವು. ಕೊನೆಗೆ, "ಅಯ್ಯಾ, ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೀತದೆ" ಎಂದು ನಮ್ಮ ಚಾಲಕ ಹೇಳಿದಾಗ ಕೆಳಗೆ ನುಗ್ಗಿ ನೋಡಿದೆವು. ಎಡಗಡೆಯ ಯು-ಬೋಲ್ಟ್‌ಗಳು ಸಡಿಲವಾಗಿದ್ದವು. ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಆಕ್ಸಲ್ ತನ್ನ ಜಾಗದಿಂದ ಅರ್ಧ ಅಂಗುಲ ಹಿಂದಕ್ಕೆ ಸರಿದಿತ್ತು. ಇನ್ನಷ್ಟು ಸರಿದು ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಕೈಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಬೇಕಾಗಿಲ್ಲ. ಬೇರುಹುಳು ತಿಂದ ಮರದ ಗೊನೆಗೆ ಬೋರ್ಡೋ ದ್ರಾವಣ ಹೊಡೆದಂತಾಗಿತ್ತು ನಮ್ಮ ಚಿಕಿತ್ಸೆ.

ಜೀಪಿನ ಮುಂಭಾಗದ ರಚನೆ

ಮಹೀಂದ್ರಾದ ಹಳೆಯ ಮಾದರಿಯ ಜೀಪುಗಳಲ್ಲಿ ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಆ ಆಕ್ಸಲನ್ನು ಎಡಕ್ಕೊಂದು ಬಲಕ್ಕೊಂದು ಪ್ಲೇಟ್ ಸೆಟ್, ಅಂದರೆ ಲೀಫ್ ಸ್ಪ್ರಿಂಗ್, ಹೊತ್ತಿರುತ್ತದೆ. ಪ್ಲೇಟ್ ಸೆಟ್ಟಿನ ಒಂದು ತುದಿ ಚಾಸಿಗೆ ನೇರವಾಗಿ ಬೋಲ್ಟ್ ಆಗಿರುತ್ತದೆ. ಇನ್ನೊಂದು ತುದಿ ತೂಗಾಡುವ ಶ್ಯಾಕಲ್‌ಗೆ ಸೇರಿರುತ್ತದೆ. ಎರಡೂ ತುದಿಗಳಲ್ಲಿ ಬುಷ್‌ಗಳಿವೆ. ನಡುವೆ ಯು-ಬೋಲ್ಟ್‌ಗಳು ಪ್ಲೇಟನ್ನು ಆಕ್ಸಲ್‌ಗೆ ಬಿಗಿದಿರುತ್ತವೆ. ಸದ್ದೆಂದರೆ, ಬಿಗಿಯಾಗಿರಬೇಕಾದ ಎರಡು ವಸ್ತುಗಳ ನಡುವೆ ಜಾಗ ಬಿದ್ದಿದೆ ಎಂದೇ ಅರ್ಥ. ಆ ಜಾಗ ಎಲ್ಲಿ ಬಿದ್ದಿದೆ ಎಂಬುದನ್ನು ಹುಡುಕಬೇಕು.

ಸದ್ದು ಯಾವಾಗ ಬರುತ್ತದೆ?

ಪಾನಾ ಹಿಡಿಯುವ ಮೊದಲು ಕಿವಿಗೊಡಿ. ಒಬ್ಬರು ನಿಧಾನವಾಗಿ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತ ಆಲಿಸಲಿ.

ಅ) ಸಣ್ಣ ಕಲ್ಲುಗಳ ಮೇಲೆ ನಿಧಾನವಾಗಿ ಹೋಗುವಾಗ ಬಂದರೆ: ಶ್ಯಾಕಲ್ ಬುಷ್ ಅಥವಾ ಶಾಕ್ ಅಬ್ಸಾರ್ಬರ್‌ನ ರಬ್ಬರ್ ಬುಷ್.

ಆ) ಬ್ರೇಕ್ ಒತ್ತಿದಾಗ ಬಂದರೆ: ಯು-ಬೋಲ್ಟ್, ಸೆಂಟರ್ ಬೋಲ್ಟ್ ಅಥವಾ ಬ್ರೇಕಿನ ಭಾಗಗಳ ಸಡಿಲು.

ಇ) ಸ್ಟಿಯರಿಂಗ್ ತಿರುಗಿಸಿದಾಗ ಬಂದರೆ: ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್ ಅಥವಾ ಸ್ಟಿಯರಿಂಗ್ ಬಾಕ್ಸಿನ ಬೋಲ್ಟ್.

ಈ) ದೊಡ್ಡ ಹೊಂಡಕ್ಕೆ ಬಿದ್ದಾಗ ಮಾತ್ರ 'ಧಡ್' ಎಂದರೆ: ಮುರಿದ ಪ್ಲೇಟು, ಕೆಲಸ ನಿಲ್ಲಿಸಿದ ಶಾಕ್ ಅಬ್ಸಾರ್ಬರ್ ಅಥವಾ ಬಿದ್ದುಹೋದ ಬಂಪ್ ಸ್ಟಾಪ್ ರಬ್ಬರು.

ಉ) ಕ್ಲಚ್ ಬಿಟ್ಟು ಹೊರಡುವಾಗ ಮಾತ್ರ ಬಂದರೆ: ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಬೇಕು. ಇದು ಸಸ್ಪೆನ್ಷನ್ನಿನ ದೋಷವಲ್ಲ.

ಪರೀಕ್ಷೆಯ ಕ್ರಮ

ಸಮತಟ್ಟು ನೆಲದಲ್ಲಿ ಜೀಪು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಕೇವಲ ಜಾಕಿಯ ಮೇಲೆ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ನುಗ್ಗಬಾರದು. ಗಟ್ಟಿ ಸ್ಟ್ಯಾಂಡ್ ಅಥವಾ ಅಗಲವಾದ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಮುಂದಿನ ಮಾತು.

1. ಯು-ಬೋಲ್ಟ್: ಕೆಸರು ತೊಳೆದು ನೋಡಿ. ನಟ್ಟಿನ ಸುತ್ತ ಕೆಂಪು ತುಕ್ಕಿನ ಹುಡಿ ಇದ್ದರೆ ಅಲ್ಲಿ ಅಲುಗಾಟವಿದೆ ಎಂದು ಸಂಶಯಪಡಿ. ಬಳಿಕ ಅಳತೆ ಟೇಪಿನಿಂದ, ಶ್ಯಾಕಲ್ ಇಲ್ಲದ ತುದಿಯ ಬೋಲ್ಟಿನಿಂದ ಆಕ್ಸಲ್‌ವರೆಗಿನ ದೂರವನ್ನು ಎರಡೂ ಕಡೆ ಅಳೆಯಿರಿ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಆಕ್ಸಲ್ ಸರಿದಿರುವ ಸಂಭವವುಂಟು. ಹಾಗಿದ್ದಲ್ಲಿ ಜೀಪನ್ನು ಹೊರಗೆ ತೆಗೆಯಬೇಡಿ.

2. ಸ್ಟಿಯರಿಂಗ್ ಕೀಲುಗಳು: ಚಕ್ರಗಳು ನೆಲದ ಮೇಲಿರಲಿ. ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪಸ್ವಲ್ಪ ಅಲುಗಿಸಲಿ. ಇನ್ನೊಬ್ಬರು ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕಿನ ಒಂದೊಂದು ಕೀಲಿನ ಮೇಲೂ ಕೈಯಿಡಲಿ. ಸವೆದ ಕೀಲು ಕೈಗೇ ಗೊತ್ತಾಗುತ್ತದೆ.

3. ಚಕ್ರ: ಆಕ್ಸಲ್ ಅಡಿಗೆ ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಅಲುಗಿದರೆ, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಬೇರಿಂಗಿನದು.

4. ಬುಷ್: ಚಾಸಿಗೆ ಆಧಾರ ಕೊಟ್ಟು ಆಕ್ಸಲ್ ತೂಗುವಂತೆ ಮಾಡಿ, ಪ್ಲೇಟಿನ ಕಣ್ಣಿಗೂ ಶ್ಯಾಕಲ್‌ಗೂ ನಡುವೆ ಸಣ್ಣ ಹಾರೆಯಿಂದ ಮೀಟಿ ನೋಡಿ. ಬೋಲ್ಟು ಕಣ್ಣಿನೊಳಗೆ ಕುಣಿದರೆ ಬುಷ್ ಹೋಗಿದೆ.

5. ಶಾಕ್ ಅಬ್ಸಾರ್ಬರ್: ಇದನ್ನು ಕೊನೆಗೆ ನೋಡಿ. ಮೈಮೇಲೆ ಎಣ್ಣೆ ಸೋರಿದೆಯೇ, ರಬ್ಬರು ತೂತು ಅಗಲವಾಗಿದೆಯೇ ಪರೀಕ್ಷಿಸಿ. ಸಂಶಯವಿದ್ದರೆ ಎರಡನ್ನೂ ಬಿಚ್ಚಿಟ್ಟು ಅಂಗಳದಲ್ಲೇ ನಾಲ್ಕು ಮಾರು ನಿಧಾನವಾಗಿ ಓಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ. ಅನೇಕ ವೇಳೆ ರಬ್ಬರ್ ಬುಷ್ ಬದಲಿಸಿದರೆ ಸಾಕಾಗುತ್ತದೆ.

ದುರಸ್ತಿಯಲ್ಲಿ ಗಮನಿಸಬೇಕಾದುದು

ರಬ್ಬರ್ ಬುಷ್ ಹಾಕಿದ ಮೇಲೆ ಅದರ ಬೋಲ್ಟನ್ನು ಪೂರ್ತಿ ಬಿಗಿಯುವುದು ಜೀಪು ತನ್ನ ಭಾರದಲ್ಲಿ ಚಕ್ರಗಳ ಮೇಲೆ ನಿಂತ ನಂತರವೇ ಆಗಬೇಕು. ಆಕ್ಸಲ್ ತೂಗುತ್ತಿರುವಾಗಲೇ ಬಿಗಿದರೆ, ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಹೊಸ ಬುಷ್ ಆರು ತಿಂಗಳೂ ಬಾಳಲಿಲ್ಲವೆಂಬ ದೂರಿಗೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ನಮ್ಮದೇ ಅಭ್ಯಾಸ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲೆಂದು ಚಾಸಿಯ ಅಡಿಗೆಲ್ಲ ಸುಟ್ಟ ಆಯಿಲ್ ಹೊಡೆಸುತ್ತೇವೆ. ಕಬ್ಬಿಣಕ್ಕೆ ಅದು ರಕ್ಷಣೆಯಾದರೂ ಸಾಮಾನ್ಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆಯಿಲ್ ಹೊಡೆಯುವಾಗ ಬುಷ್‌ಗಳನ್ನು ಬಟ್ಟೆಯಿಂದ ಮುಚ್ಚತಕ್ಕದ್ದು. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್‌ಗಳ ಮಾತು ಬೇರೆ. ಅವಕ್ಕೆ ಗ್ರೀಸೇ ಆಹಾರ. ಹಳೆಯ ಕೆಸರು ಮಿಶ್ರಿತ ಗ್ರೀಸ್ ಹೊರಬರುವವರೆಗೆ ಗನ್ ಒತ್ತಿ.

ಯು-ಬೋಲ್ಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯುತ್ತ ಬನ್ನಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಎಳೆದುಹೋದ ಯು-ಬೋಲ್ಟನ್ನು ಪುನಃ ಬಳಸಬೇಡಿ. ಮುರಿದ ಪ್ಲೇಟಿಗೂ ಟೈ ರಾಡಿಗೂ ವೆಲ್ಡಿಂಗ್ ಮಾಡಿಸುವುದು ಉಳಿತಾಯವಲ್ಲ, ಅಪಾಯವನ್ನು ಕಾಸು ಕೊಟ್ಟು ಕೊಂಡಂತೆ. ಟೈ ರಾಡ್ ಎಂಡ್ ಬದಲಿಸಿದಲ್ಲಿ ಹೊಸ ಸ್ಪ್ಲಿಟ್ ಪಿನ್ ಹಾಕಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿ.

ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಬೊಲೆರೊ ಅಥವಾ ಟಾರ್ಷನ್ ಬಾರ್ ಇದ್ದ, 2010ರಲ್ಲಿ ಬಂದ ಥಾರ್ ಕೊಂಡವರಿಗೆ ಮೇಲಿನ ಪ್ಲೇಟಿನ ವಿಚಾರ ಅನ್ವಯಿಸದು. ಅಲ್ಲಿ ಬಾಲ್ ಜಾಯಿಂಟ್ ಮತ್ತು ಆರ್ಮ್ ಬುಷ್‌ಗಳನ್ನು ನೋಡಬೇಕು. ಸವೆದ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಗುಚಿಬೀಳುವುದರಿಂದ ಅದನ್ನೂ ತಡಮಾಡದೆ ಬದಲಿಸಬೇಕು.

ಕೊನೆಯ ಮಾತು

ಬುಷ್ ಮತ್ತು ಶಾಕ್ ಅಬ್ಸಾರ್ಬರ್‌ನ ಸದ್ದಾದರೆ ಸಂತೆಯ ದಿನದವರೆಗೆ ಕಾಯಬಹುದು. ಯು-ಬೋಲ್ಟ್, ಸ್ಟಿಯರಿಂಗ್ ಕೀಲು, ಕಿಂಗ್ ಪಿನ್, ವೀಲ್ ಬೇರಿಂಗ್, ಬ್ರೇಕಿನ ಸದ್ದಾದರೆ ಒಂದು ದಿನವೂ ಕಾಯಬಾರದು. ಈ ಭೇದವನ್ನು ನೆನಪಿಟ್ಟರೆ ಉಳಿದುದೆಲ್ಲ ಮೆಕ್ಯಾನಿಕ್ಕಿನ ಕೆಲಸ. ಹಳೆಯ ಜೀಪು ಕೊಳ್ಳಲು ಹೊರಟವರು ಬಣ್ಣ ನೋಡಿ ಮುಂಗಡ ಕೊಡುವ ಮೊದಲು ಈ ಐದು ಪರೀಕ್ಷೆ ಮಾಡಲಿ.

ನಮ್ಮ ಜೀಪಿನ ಹಿಂದೆ ಕೂತು ಬರುವವರು ನಮ್ಮ ಮೇಲಿನ ನಂಬಿಕೆಯಿಂದ ಹತ್ತಿರುತ್ತಾರೆ. ಕೆಳಗಿನ ಬೋಲ್ಟನ್ನು ಅವರು ನೋಡಿರುವುದಿಲ್ಲ. ನೋಡಬೇಕಾದವರು ನಾವು. ಕೊಯ್ಲಿಗೆ ಕತ್ತಿ ಮಸೆಯುವ ದಿನವೇ ಜೀಪಿನ ಅಡಿಗೂ ಒಮ್ಮೆ ಇಣುಕಿ ನೋಡೋಣ.

- ಕಾರ್ಯದರ್ಶಿ