ದೊಡ್ಡವಳಾದಳು

ಈ ಪದವನ್ನು ಬಿಡಿಸಿ ಓದೋಣ.

ದೊಡ್ಡವಳು + ಆದಳು = ದೊಡ್ಡವಳಾದಳು

ಅಕ್ಕತಂಗಿಯರೇ, ಇದು ನಮಗೆ ಹೊಸ ಪದ ಅಲ್ಲ. ಅಕ್ಷರ ಕಲಿಯುವ ಮೊದಲೇ ನಾವು ಕೇಳಿದ ಪದ. ಒಂದು ದಿನ ನಮ್ಮ ಬಗ್ಗೆಯೇ ಮನೆಯವರು ಆಡಿದ ಮಾತು. ಇವತ್ತು ಅದನ್ನು ಓದೋಣ. ಅದರ ಅರ್ಥ ಏನು ಅಂತ ಕೂತು ಯೋಚನೆ ಮಾಡೋಣ.

ಪದ ಒಂದು, ಅರ್ಥ ಹಲವು

"ದೊಡ್ಡ" ಅನ್ನುವ ಪದವನ್ನು ನಾವು ದಿನಾ ಬಳಸುತ್ತೇವೆ.

ದೊಡ್ಡ ಮರ, ದೊಡ್ಡ ಕೆರೆ. ಇಲ್ಲಿ ದೊಡ್ಡ ಅಂದರೆ ಅಳತೆ.
ದೊಡ್ಡಪ್ಪ, ದೊಡ್ಡಮ್ಮ. ಇಲ್ಲಿ ವಯಸ್ಸು, ನಂಟು.
"ದೊಡ್ಡವರ ಮಾತು ಕೇಳು" ಅಂತೀವಿ. ಇಲ್ಲಿ ಅನುಭವ, ತಿಳಿವಳಿಕೆ.
"ದೊಡ್ಡ ಮನಸ್ಸು ಮಾಡಿ" ಅಂತೀವಿ. ಇಲ್ಲಿ ಗುಣ.

ಈಗ ಈ ಎರಡು ವಾಕ್ಯ ಓದಿ.

ಅವರ ಮಗ ದೊಡ್ಡವನಾದ.
ಅವರ ಮಗಳು ದೊಡ್ಡವಳಾದಳು.

ಮಗ ದೊಡ್ಡವನಾದ ಅಂದರೆ ಏನು ತಿಳಿಯುತ್ತೇವೆ? ಓದಿದ, ದುಡಿಯೋಕೆ ನಿಂತ, ಮನೆಯ ಭಾರ ಹೊತ್ತ ಅಂತ. ಮಗಳು ದೊಡ್ಡವಳಾದಳು ಅಂದರೆ? ಮೊದಲ ಸಲ ಮುಟ್ಟಾದಳು ಅಂತ. ಆ ಮಾತನ್ನು ದನಿ ತಗ್ಗಿಸಿ ಹೇಳುತ್ತೇವೆ. ಹುಡುಗ ದೊಡ್ಡವನಾಗೋಕೆ ಎಷ್ಟೋ ವರ್ಷ ಬೇಕು. ಹುಡುಗಿ ಒಂದೇ ದಿನದಲ್ಲಿ ದೊಡ್ಡವಳಾಗಿಬಿಡುತ್ತಾಳೆ! ಬೆಳಿಗ್ಗೆ ಕುಂಟೆಬಿಲ್ಲೆ ಆಡುತ್ತಿದ್ದವಳು ಸಂಜೆಗೆ ದೊಡ್ಡವಳು. ಇದು ಹೇಗೆ ಸಾಧ್ಯ?

ಊರಿಗೊಂದು ಮಾತು

ಉತ್ತರ ಕರ್ನಾಟಕದಲ್ಲಿ "ದೊಡ್ಡಾಕಿ ಆದ್ಲು" ಅಂತಾರೆ. ಪುಸ್ತಕದಲ್ಲಿ "ಋತುಮತಿಯಾದಳು" ಅಂತ ಬರೆಯುತ್ತಾರೆ. "ಮೈ ನೆರೆದಳು" ಅನ್ನುವ ಮಾತೂ ಉಂಟು. ನೆರೆ ಅಂದರೆ ತುಂಬುವುದು, ಸೇರುವುದು. ಹೊಳೆ ತುಂಬಿ ಹರಿದರೆ ನೆರೆ ಬಂತು ಅಂತೀವಿ. ಜಾತ್ರೆಗೆ ಜನ ಸೇರಿದರೆ ಜನ ನೆರೆದರು ಅಂತೀವಿ. ಇನ್ನೊಂದು ಹಳೆಯ ಪದ "ಒಸಗೆ". ಒಸಗೆ ಅಂದರೆ ಸಂತೋಷ, ಶುಭಕಾರ್ಯ.

ಹಲವು ಊರುಗಳಲ್ಲಿ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಮುತ್ತೈದೆಯರು ಆರತಿ ಎತ್ತುತ್ತಾರೆ. ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ. ಚಿಗಳಿ ಅಂದರೆ ಎಳ್ಳು ಬೆಲ್ಲದ ಉಂಡೆ. ಬೆಳೆಯುವ ಮೈಗೆ ಒಳ್ಳೆಯ ತಿನಿಸು ಬೇಕು ಅಂತ ಹಿಂದಿನವರಿಗೂ ಗೊತ್ತಿತ್ತು. ಇದು ಒಳ್ಳೆಯದು. ಆದರೆ ಮಗುವನ್ನು ಮುಟ್ಟದೆ ದೂರ ಕೂರಿಸುವುದು, ಶಾಲೆ ಬಿಡಿಸುವುದು ಒಳ್ಳೆಯದಲ್ಲ.

ಮೈಯಲ್ಲಿ ಏನಾಗುತ್ತದೆ?

ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಮೊದಲ ಮುಟ್ಟು ಬರುತ್ತದೆ. ಗರ್ಭಕೋಶದ ಒಳಗೆ ತಿಂಗಳು ತಿಂಗಳು ಒಂದು ಪದರ ಬೆಳೆಯುತ್ತದೆ. ಬಸಿರು ನಿಲ್ಲದಿದ್ದರೆ ಆ ಪದರ ರಕ್ತದ ಜೊತೆ ಹೊರಗೆ ಬರುತ್ತದೆ. ಇದೇ ಮುಟ್ಟು. ಇದು ಕೆಟ್ಟ ರಕ್ತ ಅಲ್ಲ. ಮೈಲಿಗೆಯೂ ಅಲ್ಲ. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಹಿಂದೆ ಮುಂದೆ ಆಗಬಹುದು. ಅದಕ್ಕೆ ಹೆದರಬೇಕಾಗಿಲ್ಲ.

ಮೈ ನೆರೆದಳು ಅಂತೀವಿ. ಆದರೆ ಮೈ ಇನ್ನೂ ತುಂಬಿರುವುದಿಲ್ಲ. ಮುಟ್ಟಾದ ಮೇಲೂ ಹುಡುಗಿ ಎತ್ತರ ಬೆಳೆಯುತ್ತಾಳೆ. ಸೊಂಟದ ಮೂಳೆ ಇನ್ನೂ ಕೆಲವು ವರ್ಷ ಅಗಲವಾಗುತ್ತದೆ. ರಾಗಿ ತೆನೆ ಬಿಟ್ಟ ದಿನವೇ ನಾವು ಕುಡುಗೋಲು ಹಿಡಿಯುತ್ತೇವಾ? ಇಲ್ಲ. ಕಾಳು ಕಟ್ಟಬೇಕು, ಬಲಿಯಬೇಕು. ಮಗಳ ಮೈಯೂ ಹಾಗೆಯೇ.

ಎಳೆ ವಯಸ್ಸಿನಲ್ಲಿ ಬಸಿರಾದರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ರಕ್ತ ಕಡಿಮೆಯಾಗುತ್ತದೆ. ರಕ್ತದ ಒತ್ತಡ ಏರಿ ಫಿಟ್ಸ್ ಬರಬಹುದು. ಹೆರಿಗೆ ತಡೆಯಬಹುದು. ಕೂಸು ತೂಕ ಇಲ್ಲದೆ ಹುಟ್ಟಬಹುದು. ಕೆಲವು ಸಲ ತಾಯಿಯ ಜೀವಕ್ಕೇ ಅಪಾಯ.

ಮನೆಯೊಳಗಿನ ಮಾತು

ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ಇಬ್ಬರು ಸೇರಿ ಗಟ್ಟಿಯಾಗಿ ಓದಿ.

ಅತ್ತೆ: ಹುಡುಗಿ ದೊಡ್ಡವಳಾದಳು. ಇನ್ನು ಸ್ಕೂಲು ಸಾಕು. ಗಂಡು ನೋಡೋಣ.
ಸೊಸೆ: ಅವಳಿಗಿನ್ನೂ ಹದಿಮೂರು ಅತ್ತೆ. ಏಳನೇ ಕ್ಲಾಸು.
ಅತ್ತೆ: ನನಗೆ ಹದಿಮೂರಕ್ಕೇ ಮದುವೆ ಆಗಲಿಲ್ವಾ?
ಸೊಸೆ: ಆಯ್ತು ಅತ್ತೆ. ಮೊದಲನೇ ಹೆರಿಗೇಲಿ ಎಷ್ಟು ಕಷ್ಟಪಟ್ರಿ ಅಂತ ನೀವೇ ಹೇಳಿದ್ದೀರಿ. ಆ ಕೂಸು ಉಳೀಲಿಲ್ಲ ಅಂತಾನೂ ಹೇಳಿದ್ದೀರಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಾದರು.

ಅತ್ತೆ: ಜನ ಏನಂತಾರೆ?
ಸೊಸೆ: ಜನ ಎರಡು ದಿನ ಮಾತಾಡ್ತಾರೆ. ಅವಳು ಬಾಳಬೇಕಾದ್ದು ಪೂರ್ತಿ ಜನ್ಮ.

ಕಾನೂನು ಏನು ಹೇಳುತ್ತದೆ?

1894ರಲ್ಲಿ ಮೈಸೂರು ಸಂಸ್ಥಾನ ಒಂದು ಕಾನೂನು ಮಾಡಿತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು ಅಂತ. ಎಂಟು ವರ್ಷ! ಅದಕ್ಕೂ ಚಿಕ್ಕ ಮಕ್ಕಳಿಗೆ ಆಗ ಮದುವೆ ಆಗುತ್ತಿತ್ತು. 1929ರ ಶಾರದಾ ಕಾಯ್ದೆ ಹುಡುಗಿಗೆ 14 ವರ್ಷ ಆಗಿರಬೇಕು ಅಂದಿತು. 1978ರಲ್ಲಿ ಅದನ್ನು 18ಕ್ಕೆ ಏರಿಸಿದರು. ಹುಡುಗನಿಗೆ 21. ಈಗ ಇರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಕರ್ನಾಟಕ ಇದಕ್ಕೆ ತಿದ್ದುಪಡಿ ತಂದಿದೆ. ಅದರ ಪ್ರಕಾರ ಬಾಲ್ಯವಿವಾಹ ಮದುವೆಯೇ ಅಲ್ಲ. ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಉಂಟು.

ಓಟು ಹಾಕೋಕೂ 18 ವರ್ಷ ತುಂಬಬೇಕು. ಒಂದು ಓಟು ಹಾಕೋಕೆ ಇಷ್ಟು ವಯಸ್ಸು ಬೇಕು. ಹಾಗಾದರೆ ಒಂದು ಸಂಸಾರ ಹೊರೋಕೆ?

ನಿಮ್ಮ ಊರಲ್ಲಿ ಇಂಥ ಮದುವೆ ನಡೆಯುವ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಬಹುದು.

ಮಗಳಿಗೆ ಏನು ಹೇಳೋಣ?

ಮುಟ್ಟು ಬರುವ ಮೊದಲೇ ಹೇಳೋಣ. ಗೊತ್ತಿಲ್ಲದೆ ರಕ್ತ ಕಂಡರೆ ಮಗು ಹೆದರುತ್ತದೆ. ಏನೋ ರೋಗ ಅಂದುಕೊಳ್ಳುತ್ತದೆ.

ಬಟ್ಟೆ ಬಳಸಿದರೆ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಲು ಕಲಿಸೋಣ. ಮರೆಯಲ್ಲಿ, ಕತ್ತಲೆಯಲ್ಲಿ ಒಣಗಿಸುವುದು ಬೇಡ. ಪ್ಯಾಡ್ ಆಗಲಿ, ಬಟ್ಟೆ ಆಗಲಿ, ದಿನಕ್ಕೆ ಮೂರು ನಾಲ್ಕು ಸಲ ಬದಲಾಯಿಸಲಿ.

ದಿನಾ ಸ್ನಾನ ಮಾಡಲಿ. ಸೊಪ್ಪು, ಕಾಳು, ರಾಗಿ, ಬೆಲ್ಲ, ಮೊಟ್ಟೆ ತಿನ್ನಲಿ. ಮಗನಿಗೆ ಬಡಿಸಿದಷ್ಟೇ ಮಗಳಿಗೂ ಬಡಿಸೋಣ. ಹೊಟ್ಟೆನೋವು ತಡೆಯಲಾಗದಿದ್ದರೆ, ರಕ್ತ ಬಹಳ ಹೋದರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.

ಮಾರನೇ ವಾರ ಅದೇ ಶಾಲೆಗೆ, ಅದೇ ಗೆಳತಿಯರ ಜೊತೆ ಕಳಿಸೋಣ. "ನೀನು ಇನ್ನೂ ಬೆಳೀತಾ ಇದ್ದೀಯ ಮಗಳೇ, ಬೆಳಿ" ಅಂತ ಹೇಳೋಣ.

ಪದ ಕಲಿಯಿರಿ

ನೆರೆ – ತುಂಬು, ಸೇರು
ಒಸಗೆ – ಸಂತೋಷ, ಶುಭಕಾರ್ಯ
ಗರ್ಭಕೋಶ – ಕೂಸು ಬೆಳೆಯುವ ಚೀಲ
ತಿದ್ದುಪಡಿ – ಕಾನೂನಿನಲ್ಲಿ ಮಾಡಿದ ಬದಲಾವಣೆ

ಮಾತಾಡಿ

1. ನಿಮ್ಮ ಊರಲ್ಲಿ "ದೊಡ್ಡವಳಾದಳು" ಅನ್ನೋಕೆ ಬೇರೆ ಯಾವ ಮಾತು ಇದೆ?
2. ನೀವು ದೊಡ್ಡವಳಾದಾಗ ನಿಮಗೆ ಯಾರು ಏನು ಹೇಳಿದರು? ಏನು ಹೇಳಿದ್ದರೆ ಚೆನ್ನಾಗಿತ್ತು?
3. ಅತ್ತೆ ಸುಮ್ಮನಾದರು. ಏಕೆ?

ಬರೆಯಿರಿ

ಖಾಲಿ ಜಾಗ ತುಂಬಿ. ಎಲ್ಲರ ವಾಕ್ಯವನ್ನೂ ಗಟ್ಟಿಯಾಗಿ ಓದಿ.

ನನ್ನ ಮಗಳು ____________ ದಿನ "ದೊಡ್ಡವಳಾದಳು" ಅಂತ ನಾನು ಹೇಳುತ್ತೇನೆ.